ಕೂದಲೆಳೆಯ ಕಾಲುವೆ ಶಾಲೆಯತ್ತ ಹರಿದ ಬಗೆ

ಕೂದಲೆಳೆಯಷ್ಟು ಸಪೂರ ಕಾಲುವೆಗಳಲ್ಲಿ ದ್ರವ ಹರಿಯುವ ರೀತಿಯನ್ನು ಅರಿತು, ಆ ಹರಿವನ್ನು ಕೆಲಸಕ್ಕೆ ಹಚ್ಚುವ ಶಾಸ್ತ್ರ ಮೈಕ್ರೋಫ್ಲೂಯಿಡಿಕ್ಸ್. ಇದರ ಬೇರು ಹಳೆಯದು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟ. ನೀರು ಮೆಲ್ಲಗಿದ್ದಾಗ ಎಳೆ ನೇರವಾಗಿ ಸಾಗಿತು. ವೇಗ ಏರಿದಾಗ ಕದಡಿಹೋಯಿತು. ಕಾಲುವೆ ಕಿರಿದಾದಂತೆ ಈ ಕದಡುವಿಕೆಗೆ ಎಡೆಯೇ ಇರುವುದಿಲ್ಲ. ಎರಡು ಬಣ್ಣದ ನೀರು ಒಂದೇ ಕಾಲುವೆಗೆ ಬಂದರೂ ಮಗ್ಗುಲು ಮಗ್ಗುಲಾಗಿ ಹರಿಯುತ್ತವೆ, ವಿಸರಣೆಯಿಂದ ಮಾತ್ರ ನಿಧಾನಕ್ಕೆ ಬೆರೆಯುತ್ತವೆ.

1979ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಅನಿಲ ವಿಶ್ಲೇಷಕವೊಂದನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೆತ್ತಿದರು. ಆಗ ಇದು ಸಿರಿವಂತರ ವಿದ್ಯೆ. ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ತಂಡ 1998ರಲ್ಲಿ ಸಿಲಿಕೋನ್ ರಬ್ಬರಿಗೂ 2007ರಲ್ಲಿ ಬರೀ ಕಾಗದಕ್ಕೂ ಇದನ್ನು ಇಳಿಸಿತು. ಹೀಗೆ ಕಾಲುವೆ ಮೂಡಿಸಿದ ಕಾಗದದ ಚಿಪ್ಪು (ಚಿಪ್) ಮೂತ್ರದಲ್ಲಿನ ಸಕ್ಕರೆ, ಪ್ರೋಟೀನುಗಳನ್ನು ಬಣ್ಣದಿಂದಲೇ ತೋರಿಸುತ್ತಿತ್ತು. 2010ರಲ್ಲಿ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಶಾಲಾ ಮಕ್ಕಳಿಗಾಗಿ ಜೆಲ್ಲಿಯ ಚಿಪ್ಪು ಮಾಡಿ ತೋರಿಸಿದರು: ತಟ್ಟೆಗೆ ಕಾಫಿ ಕಲಕುವ ಕಡ್ಡಿಗಳನ್ನು ಅಂಟಿಸಿ ಜಿಲಾಟಿನ್ ಹೊಯ್ದು, ಗಟ್ಟಿಯಾದ ಮೇಲೆ ಎಬ್ಬಿಸಿದರೆ ಕಾಲುವೆ ಸಿದ್ಧ. ಪ್ರಾಣಿಜನ್ಯವೆಂದು ಜಿಲಾಟಿನ್ ಮುಟ್ಟದ ಮನೆಗಳಿಗೆ ಅಂಗಡಿಯ ಚೈನಾ ಗ್ರಾಸ್, ಅಂದರೆ ಕಡಲ ಪಾಚಿಯ ಅಗರ್, ಇದ್ದೇ ಇದೆ.

ಕರ್ನಾಟಕದ ಕೊಡುಗೆ ಮಗ್ಗದ್ದು. ಧನಂಜಯ ದೆಂಡುಕೂರಿ 2009ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಚಿರಾ ಲ್ಯಾಬ್ಸ್, ರೇಷ್ಮೆ ಎಳೆಗಳಿಗೆ ಪರೀಕ್ಷಾ ರಾಸಾಯನಿಕ ಲೇಪಿಸಿ, ಕೈಮಗ್ಗದಲ್ಲಿ ನೇಯಿಸಿ, ಬಟ್ಟೆಯನ್ನು ಪಟ್ಟಿಗಳಾಗಿ ಕತ್ತರಿಸಿ ರೋಗ ಪತ್ತೆಯ ಸಾಧನ ಮಾಡಿತು. ಈ ಕೆಲಸ 2011ರಲ್ಲಿ ಪ್ರಕಟವಾಯಿತು. ಸೀರೆ ನೇಯುವ ಹಳೆಯ ಉಪಕರಣದಲ್ಲೇ ಚಿಪ್ಪು ತಯಾರಾದದ್ದು ಈ ಚರಿತ್ರೆಯ ಅತ್ಯಂತ ಸ್ವಾರಸ್ಯದ ಘಟ್ಟ.

ಇಂಥ ಚಿಪ್ಪನ್ನು ನಮ್ಮ ಶಾಲೆಗಳಲ್ಲೂ ಮಾಡಬಹುದು. ಉಡುಪಿ ಜಿಲ್ಲೆಯ ಕೋಟೇಶ್ವರದ ಸುತ್ತಿನ ನೆಲಕ್ಕೆ ಮಕ್ಕಳ ವಿಜ್ಞಾನ ಹೊಸದಲ್ಲ. ಹೆದ್ದಾರಿಯಲ್ಲಿ ತೆಕ್ಕಟ್ಟೆ ದಾಟಿದರೆ ಸಿಗುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ ಕೊಟ್ಟಿದ್ದರು. ಕೋಟೇಶ್ವರದ ಹೈಸ್ಕೂಲಿಗೆ ಒಗ್ಗುವುದು ಕಾಗದದ ಚಿಪ್ಪೇ. ಶಾಯಿ ಹೀರುವ ಕಾಗದದ ಮೇಲೆ ಮೇಣದ ಕ್ರೇಯಾನಿನಿಂದ ಕವಲೊಡೆದ ಕಾಲುವೆಯ ಎರಡೂ ದಂಡೆ ಗೀಚಿ, ಮೇಲೊಂದು ಹಾಳೆ ಹೊದಿಸಿ ಬಿಸಿ ಇಸ್ತ್ರಿ ಒತ್ತಿದರೆ ಮೇಣ ಕರಗಿ ನಾರಿನೊಳಗಿಳಿದು ಗೋಡೆಯಾಗುತ್ತದೆ. ಒಂದು ಕವಲಿನ ತುದಿಗೆ ಅರಶಿನ, ಇನ್ನೊಂದಕ್ಕೆ ಕೆಂಪು ದಾಸವಾಳದ ರಸ ಹಚ್ಚಿ ಒಣಗಿಸಬೇಕು. ಕಾಲುವೆಯ ಬಾಯಿಗೆ ಸಾಬೂನು ನೀರು ಬಿಟ್ಟರೆ, ಪಂಪಿನ ಹಂಗಿಲ್ಲದೆ, ದೀಪದ ಬತ್ತಿಗೆ ಎಣ್ಣೆ ಏರುವಂತೆ, ಅದು ತಾನಾಗಿ ಸಾಗಿ ಅರಶಿನವನ್ನು ಕೆಂಪಗೂ ದಾಸವಾಳವನ್ನು ಹಸಿರಾಗಿಯೂ ಮಾಡುತ್ತದೆ. ಲಿಂಬೆರಸಕ್ಕೆ ಅರಶಿನ ಬದಲಾಗುವುದಿಲ್ಲ, ದಾಸವಾಳ ಮಾತ್ರ ಕೆಂಪೇರುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ; ಇಸ್ತ್ರಿ ಪೆಟ್ಟಿಗೆ ಹಿಡಿಯಲು ದೊಡ್ಡವರೊಬ್ಬರು ಜತೆಗಿರಬೇಕು.