ಧಾರಾವಾಹಿ ಮುಗಿದ ಮೇಲೆ ಶುರುವಾಗುವ ಕತೆ

1990ರಲ್ಲಿ ದೂರದರ್ಶನದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಆರಂಭವಾದಾಗ ಚನ್ನಗಿರಿಯ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಅಡಿಕೆ ವ್ಯಾಪಾರದವರ ಮನೆಯೊಂದರಲ್ಲಿ ಮಾತ್ರ. ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವವನೊಬ್ಬ, ಕೆಳಗೆ ನಿಂತು "ಬಂತು, ಬಂತು... ಹೋಯ್ತು" ಎಂದು ಕೂಗುವವನೊಬ್ಬ. ಪಡಸಾಲೆಯಲ್ಲಿ ಆ ಮನೆಯ ಅಜ್ಜಿಯೂ ನಮ್ಮ ದಾದಿಯೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಅದೇ ಚಾಪೆಯ ಮೇಲೆ ನಾವು 'ಮಹಾಭಾರತ'ವನ್ನೂ ನೋಡುತ್ತಿದ್ದೆವು. ಅದರ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಝಾ ಎಂಬುದು ಪ್ರಾಥಮಿಕ ಶಾಲೆಯ ಹುಡುಗರಾಗಿದ್ದ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದ ದೊಡ್ಡವರಿಗೆ ಅದೊಂದು ವಿಶೇಷವಾಗಿಯೂ ಕಂಡಿರಲಿಲ್ಲ.

ಟಿಪ್ಪುವಿನ ಧಾರಾವಾಹಿಗೆ ಮುಂಚೆ ಪರದೆಯ ಮೇಲೆ ಒಂದು ಬರಹ ಬರುತ್ತಿತ್ತು. ದಾದಿಗೆ ಓದು ಬರುತ್ತಿರಲಿಲ್ಲ. ಏನೋ ಅದು ಎಂದು ಕೇಳಿದರು. "ಇದು ಕಟ್ಟುಕತೆಯಂತೆ ದಾದಿ, ನಿಜವಾದ ಟಿಪ್ಪುವಿಗೂ ಇದಕ್ಕೂ ಸಂಬಂಧ ಇಲ್ಲವಂತೆ" ಎಂದೆವು. ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಗುಂಬಜಿನಲ್ಲಿ ಮಲಗಿರೋರು ಯಾರು?" ಎಂದರು.

ಆ ಬರಹದ ಹಿಂದೆ ದೊಡ್ಡ ಜಗಳವೇ ಇತ್ತು. ಸಂಜಯ್ ಖಾನ್ ಅವರ ಈ ಧಾರಾವಾಹಿಗೆ ಆಧಾರ ಭಗವಾನ್ ಗಿದ್ವಾನಿಯವರ 1976ರ ಕಾದಂಬರಿ. ಚಿತ್ರೀಕರಣದ ವೇಳೆ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ಇನ್ನೊಂದು ಕಡೆ, ಟಿಪ್ಪುವನ್ನು ಉದಾರಿ ರಾಜನೆಂದು ತೋರಿಸಬಾರದೆಂಬ ವಿರೋಧ. ಕೊನೆಗೆ ಇದು ಕಾದಂಬರಿಯ ನಾಟಕ ರೂಪವಷ್ಟೇ ಎಂಬ ಘೋಷಣೆಯೊಂದಿಗೆ ಪ್ರಸಾರವಾಯಿತು.

ನೋಡಿದ ನಮಗೆ ಅದು ಒಳ್ಳೆಯ ಧಾರಾವಾಹಿ ಅನ್ನಿಸಿತ್ತೇ? ಹೌದು, ಆಗ ಅನ್ನಿಸಿತ್ತು. ಉರ್ದು ಸಂಭಾಷಣೆಗೆ ದಾದಿ ತಲೆದೂಗುತ್ತಿದ್ದರು. ಈಗ ನೋಡಿದರೆ ರಟ್ಟಿನ ಕೋಟೆ, ಮಿರಿಮಿರಿ ಮಿಂಚುವ ಪೋಷಾಕು, ತಪ್ಪನ್ನೇ ಮಾಡದ ಸುಲ್ತಾನ. ಕಟ್ಟುಕತೆ ಎಂಬ ಫಲಕ ಹಾಕಿದ್ದು ಸರಿಯೇ ಎಂದೂ ಅನ್ನಿಸುತ್ತದೆ. ನಮ್ಮ ತಕರಾರು ಬೇರೆ. ಕಟ್ಟುಕತೆಗೆ ಫಲಕ ಹಾಕಿದವರು ದಾಖಲೆಯನ್ನಾದರೂ ತೋರಿಸಬಹುದಿತ್ತು. ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳನ್ನು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲೇ ಬೆಳಕಿಗೆ ತಂದಿದ್ದರು. ಟಿಪ್ಪು ಪಾರಸಿಯಲ್ಲಿ ಬರೆದಿಟ್ಟ ಕನಸುಗಳ ಪುಸ್ತಕ ಲಂಡನ್ನಿನಲ್ಲಿದೆ. ಆ ಕನಸುಗಳನ್ನು ಹಿಡಿದು ಗಿರೀಶ ಕಾರ್ನಾಡರು ನಾಟಕ ಬರೆದರು. ಬರೆಸಿದ್ದು, 1997ರಲ್ಲಿ, ಬಿಬಿಸಿ ರೇಡಿಯೋ! ರಾಜ್ಯ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಶುರುಮಾಡಿ 2019ರಲ್ಲಿ ನಿಲ್ಲಿಸಿತು. ಆ ವರ್ಷಗಳ ಟಿ.ವಿ. ಚರ್ಚೆಗಳಲ್ಲಿ ಗಂಟಲುಗಳನ್ನು ಕೇಳಿದೆವು, ಈ ಕಾಗದಗಳನ್ನು ಕಂಡದ್ದು ಕಡಿಮೆ.

ಸುಲ್ತಾನ ಹೋದ ಮೇಲೆ ಪರದೆಯಲ್ಲಿ ನಮಗೆ ಉಳಿದದ್ದು ಹಾಸ್ಯದ ಸಾಬರು. ತಲೆಗೆ ಟೋಪಿ, ಚೌಕಳಿ ಲುಂಗಿ, ಗಂಡನ್ನು ಹೆಣ್ಣು ಮಾಡುವ ಕನ್ನಡ. ನಿಜ, ನಮ್ಮ ದಾದಿಯ ಕನ್ನಡದಲ್ಲೂ ಎಮ್ಮೆ 'ಬಂದ', ಎತ್ತು 'ಬಂದಳು'. ನಾವೂ ನಕ್ಕಿದ್ದೇವೆ, ನಗುವುದಕ್ಕೆ ಬೇಡವೆನ್ನುವುದಿಲ್ಲ. ಆದರೆ ನ್ಯಾಮತಿಯ ಸಂತೆಯಲ್ಲಿ ಅಚ್ಚ ಕನ್ನಡದಲ್ಲಿ ಚೌಕಾಸಿ ಮಾಡುವ ಸಾಬರು, ಹೊನ್ನಾಳಿಯಲ್ಲಿ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುವ ಸಾಬರು ಆ ಪರದೆಗೆ ಬರುವುದೇ ಇಲ್ಲವಲ್ಲ. ಜಗಳೂರಿನ ಜೆ. ಮೊಹಮ್ಮದ್ ಇಮಾಂ 1957ರಲ್ಲಿ ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದರು. ಅವರನ್ನು ಆರಿಸಿದ್ದು ಬರದ ಸೀಮೆಯ ಎಲ್ಲ ಜಾತಿಯ ಮತದಾರರು. ಒಂದು ಸಾಕ್ಷ್ಯಚಿತ್ರಕ್ಕೆ ಇಷ್ಟು ಸಾಲದೇ?

ನಮ್ಮ ಚನ್ನಗಿರಿಗಂತೂ ಟಿಪ್ಪುವಿನ ಧಾರಾವಾಹಿ ಮುಗಿದಲ್ಲಿಂದಲೇ ಕತೆ ಶುರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿಯ ಸೆರೆಯಿಂದ ಹೊರಬಿದ್ದವನು ಧೋಂಡಿಯಾ ವಾಘ್, ಚನ್ನಗಿರಿಯಲ್ಲಿ ಹುಟ್ಟಿದ ಮರಾಠ. ಹೈದರನ ಕುದುರೆ ಪಡೆಯಲ್ಲಿದ್ದವನು, 1792ರ ಯುದ್ಧದ ಗದ್ದಲದಲ್ಲಿ ಕಳಚಿಕೊಂಡು ಧಾರವಾಡದ ಕಡೆ ಲೂಟಿ ಮಾಡಿಕೊಂಡಿದ್ದವನು. ಟಿಪ್ಪು ಅವನನ್ನು ಹಿಡಿದು ಸೆರೆಗೆ ಹಾಕಿದ, ಬಲವಂತದಿಂದ ಮುಸಲ್ಮಾನನನ್ನಾಗಿ ಮಾಡಿದ. ಇದನ್ನು ಮುಚ್ಚಿಟ್ಟು ನಾವು ಟಿಪ್ಪುವಿನ ಗುಣಗಾನ ಮಾಡುವುದು ನ್ಯಾಯವಲ್ಲ. ಅಂಥ ಧೋಂಡಿಯಾನೇ ಹೊರಬಂದು, ದಿಕ್ಕಿಲ್ಲದೆ ನಿಂತಿದ್ದ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡು ಬಿದನೂರು ಸೀಮೆಯಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದ. ತಾನು 'ಉಭಯ ಲೋಕಾಧೀಶ್ವರ' ಎಂದು ಸಾರಿಕೊಂಡ. ಅವನು ದರೋಡೆಕೋರನೇ, ಸ್ವಾತಂತ್ರ್ಯ ಹೋರಾಟಗಾರನೇ? ಎರಡೂ ಹೌದೆನ್ನಬೇಕು. ನಾಟಕಕಾರನಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಸಿಕ್ಕೀತೇ? ಅವನಿಗೆ ಪೂರ್ತಿ ಹಿಂದುವಿನ ವೇಷ ಹಾಕಲೂ ಆಗದು, ಪೂರ್ತಿ ಮುಸಲ್ಮಾನನ ವೇಷ ಹಾಕಲೂ ಆಗದು. ಬಹುಶಃ ಅದಕ್ಕೇ ಯಾರೂ ಮುಟ್ಟುವುದಿಲ್ಲ.

1799ರ ಆಗಸ್ಟ್‌ನಲ್ಲಿ ಇಂಗ್ಲಿಷರು ಅವನನ್ನು ಶಿಕಾರಿಪುರದಿಂದ ಓಡಿಸಿದರು. ಮರುವರ್ಷ ಅವನು ಮತ್ತೆ ಎದ್ದು, ಮರಾಠರ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದ. ಆಗ ಹರಿಹರದಲ್ಲಿ ತುಂಗಭದ್ರೆ ದಾಟಿ ಬೆನ್ನಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ವೆಲ್ಲೆಸ್ಲಿ ತಾನೇ ಮುಂದಾಗಿ ಕುದುರೆ ಪಡೆ ನುಗ್ಗಿಸಿದ. ಚನ್ನಗಿರಿಯ ಧೋಂಡಿಯಾ ಅಲ್ಲಿ ಸತ್ತ. ಹೆಣವನ್ನು ಗುರುತು ಹಿಡಿದು ಫಿರಂಗಿ ಬಂಡಿಗೆ ಕಟ್ಟಿ ಶಿಬಿರಕ್ಕೆ ತಂದರು.

ಅವನ ಸಾಮಾನುಗಳ ನಡುವೆ ಸಿಕ್ಕಿದ್ದು ನಾಲ್ಕು ವರ್ಷದ ಒಂದು ಹುಡುಗ, ಸಾಕು ಮಗನೆನ್ನುತ್ತಾರೆ. ಹೆಸರು ಸಲಾಬತ್ ಖಾನ್. ತಂದೆಯನ್ನು ಕೊಂದ ವೆಲ್ಲೆಸ್ಲಿಯೇ ಅವನನ್ನು ತನ್ನ ಡೇರೆಗೆ ಕರೆದುಕೊಂಡು ಹೋದ. 1805ರಲ್ಲಿ ಇಂಡಿಯಾ ಬಿಡುವಾಗ ಅವನ ಪಾಲನೆಗೆಂದು ಹಣ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.