ವಾರದ ಏಳು ದಿನಗಳು ಮತ್ತು ನಮ್ಮ ಶಾಲೆಯ ಅಂಗಳ

ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ‘ವಾರ’ ಎಂಬ ಮಾತಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಏಳು ದಿನಗಳ ಎಣಿಕೆ ಒಂದು ವಾರ. ಮನೆದೇವರಿಗೆ ಮೀಸಲಾದ ದಿನವೂ ವಾರವೇ. ‘ಇಂದು ನಮಗೆ ವಾರ’ ಎಂದು ತಲೆಗೆ ನೀರೆರೆದುಕೊಂಡು ಒಪ್ಪೊತ್ತು ಇರುವ ಮನೆಗಳು ಇಲ್ಲಿ ಅನೇಕ. ಸೋಮವಾರ ನಂಜುಂಡೇಶ್ವರನ ವಾರವಾದುದರಿಂದ ಅಂದು ಕಪಿಲೆಯ ಸ್ನಾನಘಟ್ಟ ಬೆಳಗಿನಿಂದಲೇ ಭಕ್ತರಿಂದ ತುಂಬುತ್ತದೆ. ಮೂರನೆಯ ಅರ್ಥ ಇಂದಿನ ಮಕ್ಕಳಿಗೆ ಅಷ್ಟಾಗಿ ಪರಿಚಯವಿಲ್ಲದ ‘ವಾರಾನ್ನ’ದ್ದು. ಓದಲೆಂದು ಪಟ್ಟಣಕ್ಕೆ ಬಂದ ಬಡ ವಿದ್ಯಾರ್ಥಿ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಮತ್ತೊಬ್ಬರ ಮನೆಯಲ್ಲಿ, ಹೀಗೆ ಏಳು ಮನೆಗಳ ಅನ್ನದಿಂದ ಒಂದು ವಾರವನ್ನು ದಾಟುತ್ತಿದ್ದ ಪದ್ಧತಿ ಅದು.

ಕಾಲದ ಎಣಿಕೆ, ದೇವರ ದಿನ, ಬಡ ವಿದ್ಯಾರ್ಥಿಯ ಅನ್ನ: ಈ ಮೂರೂ ಅರ್ಥಗಳು ನಮ್ಮ ಕಥೋಲಿಕ ಪ್ರಾಥಮಿಕ ಶಾಲೆಗಳ ವಾರದಲ್ಲಿ ಕೂಡಿಕೊಂಡಿವೆ. ಸೋಮವಾರದ ಪ್ರಾರ್ಥನಾ ಸಭೆಯಿಂದ ಭಾನುವಾರದ ಧರ್ಮೋಪದೇಶದವರೆಗಿನ ಈ ಕ್ರಮವನ್ನು ಯಾರೋ ಒಬ್ಬರು ಕುಳಿತು ಬರೆದಿಟ್ಟದ್ದಲ್ಲ. ಅದರ ಒಂದೊಂದು ದಿನದ ಹಿಂದೆಯೂ ಒಂದೊಂದು ಚರಿತ್ರೆಯಿದೆ.

ಉಪದೇಶಿಯ ಜಗುಲಿ

ಮೈಸೂರು ಸೀಮೆಗೆ ಕ್ರಿಸ್ತನ ಶುಭಸಂದೇಶ ಬಂದಾಗ ಅದರೊಡನೆ ಅಕ್ಷರವೂ ಬಂದಿತು. 17ನೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕನ್ನಡವನ್ನು ಕಲಿತದ್ದು. 1773ರಲ್ಲಿ ಯೇಸುಸಭೆಯು ವಿಸರ್ಜನೆಗೊಂಡ ಮೇಲೆ ಇಲ್ಲಿನ ಹೊಣೆ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳಿಗೆ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದ ಅಬ್ಬೆ ದ್ಯುಬುವಾ ಅವರ ಹೆಸರನ್ನು ನಮ್ಮ ಹಿರಿಯರು ಬಲ್ಲರು.

ಗುರುಗಳು ಕೆಲವರೇ, ಊರುಗಳು ಹಲವು. ಕುದುರೆಯ ಮೇಲೆಯೋ ಎತ್ತಿನ ಗಾಡಿಯಲ್ಲಿಯೋ ಗುರುಗಳು ಒಂದು ಹಳ್ಳಿಗೆ ಬಂದುಹೋದರೆ ಮತ್ತೆ ಬರುವುದು ಯಾವಾಗಲೋ. ನಡುವಣ ದಿನಗಳನ್ನು ಕಾಯುತ್ತಿದ್ದವನು ಉಪದೇಶಿ. ಸಂಜೆಯ ಜಪ, ರೋಗಿಗಳ ಭೇಟಿ, ಮಕ್ಕಳಿಗೆ ಪ್ರಾರ್ಥನೆಗಳ ಕಂಠಪಾಠ ಅವನ ಕೆಲಸ. ಪ್ರಾರ್ಥನೆಯನ್ನು ಕಲಿಸುವ ಜಗುಲಿಯಲ್ಲೇ ಮರಳಿನ ಮೇಲೆ ಅಕ್ಷರ ತಿದ್ದಿಸುವುದೂ ನಡೆಯುತ್ತಿತ್ತು. ಊರಿನ ಕೂಲಿಮಠಕ್ಕೂ ಈ ಜಗುಲಿಗೂ ನೋಟಕ್ಕೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

1844ರಲ್ಲಿ ಪುದುಚೇರಿಯಲ್ಲಿ ನಡೆದ ಧರ್ಮಸಭೆಯ ಸಮ್ಮೇಳನವು ಈ ಚಿತ್ರವನ್ನು ಬದಲಿಸಿತು. ಸ್ವದೇಶಿ ಗುರುಗಳನ್ನು ಬೆಳೆಸುವುದು ಮತ್ತು ಮಕ್ಕಳಿಗೆ ಶಾಲೆಗಳನ್ನು ತೆರೆಯುವುದು ಮುಂದಿನ ದಾರಿಯೆಂದು ಅದು ನಿಶ್ಚಯಿಸಿತು. ಹೆಣ್ಣುಮಕ್ಕಳು ಓದುಬರಹ ಕಲಿಯುವುದನ್ನು ಸಮಾಜವು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ, ಅದೇ ವರ್ಷ, ಭಾರತೀಯ ಬಾಲಕಿಯರ ಶಿಕ್ಷಣಕ್ಕೆಂದೇ ಪುದುಚೇರಿಯಲ್ಲಿ ಒಂದು ಭಗಿನಿಯರ ಸಭೆಯು ಸ್ಥಾಪನೆಯಾಯಿತು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾದಾಗ ಅದರ ಹೊಣೆ ಹೊತ್ತ ಧರ್ಮಾಧ್ಯಕ್ಷ ಶಾರ್ಬೊನೊ ಅವರು ಈ ನಿಶ್ಚಯವನ್ನು ಇಲ್ಲಿಗೆ ತಂದರು. 1854ರಲ್ಲಿ ಗುಡ್ ಶೆಫರ್ಡ್ ಭಗಿನಿಯರು ಬೆಂಗಳೂರಿಗೆ ಬಂದರು. 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಅಚ್ಚಾಯಿತು. ಶಾಲೆ, ಮುದ್ರಣ, ಭಾಷೆ ಇವು ಮೂರೂ ಒಂದೇ ಕೆಲಸದ ಮೂರು ಕೈಗಳೆಂದು ಆ ತಲೆಮಾರು ತಿಳಿದಿತ್ತು.

ಸರ್ಕಾರವೂ ಅದೇ ಕಾಲದಲ್ಲಿ ಎಚ್ಚೆತ್ತಿತು. 1854ರ ವುಡ್ ಅವರ ಶಿಕ್ಷಣ ಆದೇಶಪತ್ರವು ಖಾಸಗಿ ಶಾಲೆಗಳಿಗೆ ಅನುದಾನ ನೀಡುವ ಪದ್ಧತಿಗೆ ದಾರಿ ಮಾಡಿತು. 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳು ತೆರೆದವು. ಹಾಜರಿ ಪುಸ್ತಕ, ಗಂಟೆ, ತರಗತಿ, ಇನ್‌ಸ್ಪೆಕ್ಟರರ ಭೇಟಿ ಇವೆಲ್ಲ ಬಂದವು. ಜಗುಲಿಯ ಪಾಠಕ್ಕೆ ವೇಳಾಪಟ್ಟಿ ದೊರೆಯಿತು. ವೇಳಾಪಟ್ಟಿಗೆ ವಾರ ಬೇಕಾಯಿತು.

ಭಾನುವಾರ ಬಂದ ಬಗೆ

ಭಾನುವಾರದ ರಜೆಯನ್ನು ಇಂದು ನಾವು ಕೇಳದೆಯೇ ಪಡೆದಿದ್ದೇವೆ. ಆದರೆ ದುಡಿಯುವ ಜನಕ್ಕೆ ಅದು ಸುಲಭವಾಗಿ ದೊರೆತದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರಕ್ಕೊಂದು ದಿನದ ಬಿಡುವು ದೊರೆತದ್ದು 1890ರ ಜೂನ್ 10ರಂದು, ನಾರಾಯಣ ಮೇಘಾಜಿ ಲೋಖಂಡೆಯವರ ಹಲವು ವರ್ಷಗಳ ಹೋರಾಟದ ಬಳಿಕ. ಭಾನುವಾರ ನಮ್ಮ ಖಂಡೋಬನ ವಾರ ಎಂಬುದು ಅವರ ವಾದಗಳಲ್ಲಿ ಒಂದಾಗಿತ್ತು. ನಮಗೆ ಪ್ರಭುವಿನ ದಿನವಾದದ್ದು ಅವರಿಗೆ ಮನೆದೇವರ ದಿನವಾಗಿತ್ತು. ಬಿಡುವು ಮಾತ್ರ ಇಬ್ಬರಿಗೂ ಬೇಕಾಗಿತ್ತು.

ಬಿಡುವಿನ ದಿನವನ್ನು ಬಡ ಮಕ್ಕಳ ಪಾಠಕ್ಕೆ ಬಳಸುವ ಆಲೋಚನೆ ಇದಕ್ಕಿಂತ ಹಳೆಯದು. 1536ರಲ್ಲಿ ಇಟಲಿಯ ಮಿಲಾನಿನಲ್ಲಿ ಕಸ್ತೆಲ್ಲಿನೊ ದ ಕಸ್ತೆಲ್ಲೊ ಎಂಬ ಗುರುಗಳು ಬೀದಿಯ ಮಕ್ಕಳನ್ನು ಸೇರಿಸಿ ಹಬ್ಬದ ದಿನಗಳಲ್ಲಿ ಧರ್ಮಜ್ಞಾನವನ್ನೂ ಓದುಬರಹವನ್ನೂ ಕಲಿಸತೊಡಗಿದರು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್, ವಾರವೆಲ್ಲ ದುಡಿಯುವ ಮಕ್ಕಳಿಗೆ ಭಾನುವಾರದ ಶಾಲೆಯನ್ನು ಆರಂಭಿಸಿದರು. 1905ರಲ್ಲಿ ಜಗದ್ಗುರು ಹತ್ತನೇ ಪಿಯೂಸರು ಪ್ರತಿ ಧರ್ಮಕೇಂದ್ರದಲ್ಲಿಯೂ ಭಾನುವಾರ ಮತ್ತು ಹಬ್ಬದ ದಿನಗಳಂದು ಒಂದು ಗಂಟೆಯ ಕಾಲ ಮಕ್ಕಳಿಗೆ ಧರ್ಮೋಪದೇಶ ನಡೆಯಲೇಬೇಕೆಂದು ವಿಧಿಸಿದರು. ನಮ್ಮ ಧರ್ಮಕೇಂದ್ರಗಳ ಭಾನುವಾರದ ತರಗತಿಯ ಬೇರು ಅಲ್ಲಿದೆ.

ಅದೇ ಜಗದ್ಗುರುಗಳ 1910ರ ಇನ್ನೊಂದು ಆಜ್ಞೆಯು ಪ್ರಾಥಮಿಕ ಶಾಲೆಯ ವಾರವನ್ನು ಇನ್ನೂ ಆಳವಾಗಿ ಮುಟ್ಟಿತು. ಅದುವರೆಗೆ ಹತ್ತು, ಹನ್ನೆರಡು ವರ್ಷಗಳಾಗುವ ತನಕ ಮುಂದೂಡಲಾಗುತ್ತಿದ್ದ ಪ್ರಥಮ ಪರಮಪ್ರಸಾದವನ್ನು ವಿವೇಕ ಮೂಡುವ ವಯಸ್ಸಿನಲ್ಲಿ, ಅಂದರೆ ಸುಮಾರು ಏಳನೇ ವರ್ಷದಲ್ಲಿಯೇ ನೀಡಬಹುದೆಂದು ಅದು ಸಾರಿತು. ಅಲ್ಲಿಂದ ಮುಂದೆ ಎರಡನೇ, ಮೂರನೇ ತರಗತಿಯ ಪುಟ್ಟ ಮಕ್ಕಳೇ ಪರಮಪ್ರಸಾದದ ಸಿದ್ಧತೆಯ ಸಾಲಿನಲ್ಲಿ ನಿಂತರು. ಒಂದು ಕೈಯಲ್ಲಿ ಕಾಗುಣಿತ, ಮತ್ತೊಂದರಲ್ಲಿ ಜಪಮಾಲೆ ಹಿಡಿದ ಮಗುವಿನ ಚಿತ್ರ ನಮಗೆ ಸಹಜವೆನಿಸುವುದಕ್ಕೆ ಆ ಆಜ್ಞೆಯೇ ಕಾರಣ.

ನೀತಿಪಾಠ ಮತ್ತು ಮನಸ್ಸಾಕ್ಷಿ

ನಮ್ಮ ಶಾಲೆಗಳಲ್ಲಿ ಕಲಿಯುವ ಮಕ್ಕಳಲ್ಲಿ ಬಹುಪಾಲು ಕ್ರೈಸ್ತರಲ್ಲ. ಹಾಗಿರುವಾಗ ಧರ್ಮೋಪದೇಶವನ್ನು ವಾರದಲ್ಲಿ ಎಲ್ಲಿ ಇರಿಸಬೇಕು? ನಮ್ಮ ಮಿಷನರಿಗಳ ತವರಾದ ಫ್ರಾನ್ಸಿನಲ್ಲಿ 1882ರ ಕಾಯಿದೆಯು ಸರ್ಕಾರಿ ಶಾಲೆಯಿಂದ ಧರ್ಮಪಾಠವನ್ನು ಹೊರಗಿಟ್ಟಿತು. ಆದರೆ ಮನೆಯವರು ಬಯಸಿದರೆ ಬೇರೆಡೆ ಕಲಿಸಿಕೊಳ್ಳಲೆಂದು ಭಾನುವಾರವಲ್ಲದೆ ವಾರದಲ್ಲಿ ಮತ್ತೊಂದು ದಿನ ಬಿಡುವು ಕೊಟ್ಟಿತು. ಬಹುಕಾಲ ಅದು ಗುರುವಾರವಾಗಿತ್ತು.

ನಮ್ಮ ದೇಶ ಬೇರೆ ಮಾರ್ಗ ಹಿಡಿಯಿತು. ಸಂವಿಧಾನದ 28ನೇ ವಿಧಿಯು ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆ ಬೇಡವೆಂದಿತು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಯಾವ ಮಗುವನ್ನೂ, ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧನೆಗೆ ಕೂರಿಸಬಾರದೆಂದಿತು. 30ನೇ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿತು. ಒಂದು ವಿಧಿ ನಮ್ಮ ಹಕ್ಕನ್ನು ಕಾಯುತ್ತದೆ, ಇನ್ನೊಂದು ನೆರೆಯವನ ಮಗುವಿನ ಮನಸ್ಸಾಕ್ಷಿಯನ್ನು ಕಾಯುತ್ತದೆ. ವೇಳಾಪಟ್ಟಿಯಲ್ಲಿ ಒಂದೇ ಅವಧಿಗೆ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೂ ಉಳಿದವರು ನೀತಿಪಾಠಕ್ಕೂ ಹೋಗುವ ಏರ್ಪಾಡು ಈ ಎರಡು ವಿಧಿಗಳ ನಡುವಿನ ಸಮತೋಲ. ಪೋಷಕರೇ ಮಕ್ಕಳ ಮೊದಲ ಶಿಕ್ಷಕರೆಂದು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ ಶಿಕ್ಷಣ ಘೋಷಣೆ ಹೇಳಿದ್ದೂ ಇದೇ ಅರ್ಥಕ್ಕೆ ಹತ್ತಿರವಾದ ಮಾತು.

ವಾರದ ಉಳಿದ ಕ್ರಮವು ಎಲ್ಲರದು. ಬೆಳಗಿನ ಸಭೆಯಲ್ಲಿ ಪ್ರಾರ್ಥನೆ, ಕುವೆಂಪು ಅವರ ನಾಡಗೀತೆ, ರಾಷ್ಟ್ರಗೀತೆ. 1962ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅವರು ತೆಲುಗಿನಲ್ಲಿ ಬರೆದು ದೇಶದ ಶಾಲೆಗಳಿಗೆಲ್ಲ ಹರಡಿದ ಪ್ರತಿಜ್ಞೆ. ಮಗ್ಗಿ, ಉಕ್ತಲೇಖನ, ಅಂಗಳದ ಕಸಗುಡಿಸುವ ಸರದಿ. ಶನಿವಾರ ಬೆಳಗಿನ ತರಗತಿ, ಡ್ರಿಲ್, ಮಧ್ಯಾಹ್ನಕ್ಕೆ ಮುಂಚೆಯೇ ಮನೆ. ತಪಸ್ಸುಕಾಲದ ಶುಕ್ರವಾರ ಶಿಲುಬೆಯ ಹಾದಿ, ಅಕ್ಟೋಬರಿನಲ್ಲಿ ಜಪಮಾಲೆ. ಕಬಿನಿ ನಾಲೆಯ ನೀರು ಗದ್ದೆಗೆ ಬಂದು ನಾಟಿ ಹಿಡಿದಾಗ, ಕೊಯ್ಲು ಬಂದಾಗ, ನಂಜನಗೂಡಿನ ದೊಡ್ಡ ಜಾತ್ರೆಯ ತೇರು ಹರಿದಾಗ ತರಗತಿಯ ಸಾಲುಗಳು ತೆಳುವಾಗುತ್ತವೆ. ತಾಯಿ ನಾಟಿಗೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಅಂತಹ ಮಗುವಿನ ಮನೆಯನ್ನು ಸಂಜೆ ಹುಡುಕಿಕೊಂಡು ಹೋಗುವ ಟೀಚರು, ಸಿಸ್ಟರು ವೇಳಾಪಟ್ಟಿಯಲ್ಲಿ ಬರೆಯದ ಪಾಠವೊಂದನ್ನು ನಡೆಸುತ್ತಾರೆ.

ವಾರಾನ್ನದಿಂದ ಬಿಸಿಯೂಟಕ್ಕೆ

ವಾರಾನ್ನದಲ್ಲಿ ಉದಾರತೆಯಿತ್ತು, ಆದರೆ ಜಾತಿಯ ಎಲ್ಲೆಯೂ ಇತ್ತು. ಎಲ್ಲ ಮನೆಗಳ ಬಾಗಿಲು ಎಲ್ಲ ಮಕ್ಕಳಿಗೆ ತೆರೆಯುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ವಿದ್ಯಾರ್ಥಿನಿಲಯಗಳು ಹುಟ್ಟಿದವು. ನಂಜನಗೂಡು ತಾಲ್ಲೂಕಿನಲ್ಲೇ, ಕಪಿಲಾ ತೀರದಲ್ಲಿರುವ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ಪ್ರಸಾದ ನಿಲಯವನ್ನು ತೆರೆದು, 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠಕ್ಕೆ ಅಡಿಪಾಯ ಹಾಕಿದರು. ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ಬೋರ್ಡಿಂಗ್‌ಗಳನ್ನು ನಡೆಸಿದರು. ಹಸಿದ ಮಗುವಿಗೆ ಅಕ್ಷರ ಹತ್ತದು ಎಂಬ ಅರಿವು ಇಬ್ಬರಿಗೂ ಒಂದೇ ಆಗಿತ್ತು.

2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ನೀಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು ಮರುವರ್ಷ ಉಳಿದ ಜಿಲ್ಲೆಗಳಿಗೂ, ಮುಂದೆ ಅನುದಾನಿತ ಶಾಲೆಗಳಿಗೂ ಬಂದಿತು. 2013ರಲ್ಲಿ ಹಾಲು ಸೇರಿತು. ಬಳಿಕ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಅಥವಾ ಕಡಲೆ ಚಿಕ್ಕಿ. ಮೊಟ್ಟೆ ತಿನ್ನುವವನೂ ಬಾಳೆಹಣ್ಣು ಸುಲಿಯುವವನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಪಾತ್ರೆಯ ಸಾರನ್ನು ಹಾಕಿಸಿಕೊಳ್ಳುವುದು ಚಿಕ್ಕ ಸಂಗತಿಯಲ್ಲ. ಏಳು ಮನೆಗಳಲ್ಲಿ ಹಂಚಿಹೋಗಿದ್ದ ವಾರದ ಅನ್ನ ಒಂದೇ ಪಂಕ್ತಿಗೆ ಬಂದದ್ದು ನಮ್ಮ ಕಾಲದ ಭಾಗ್ಯ.

ಈ ಪಂಕ್ತಿಯ ಹಿಂದೆ ನೋವಿನ ಚರಿತ್ರೆಯಿದೆ. 1915ರಲ್ಲಿ ಮೈಸೂರು ಸರ್ಕಾರವು ಸರ್ಕಾರಿ ಶಾಲೆಗಳಲ್ಲಿ ಜಾತಿಯ ಕಾರಣದಿಂದ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದು ಆಜ್ಞೆ ಹೊರಡಿಸಿದಾಗ, ಕೆಲವೆಡೆ ಮೇಲುಜಾತಿಯ ಪೋಷಕರು ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದರು. ಧರ್ಮಸಭೆಯೂ ಈ ದೋಷದಿಂದ ಮುಕ್ತವಾಗಿರಲಿಲ್ಲ. ದಕ್ಷಿಣದ ಕೆಲವು ದೇವಾಲಯಗಳಲ್ಲಿ ಜಾತಿಗೊಂದು ಆಸನಭಾಗವಿದ್ದ ಕಾಲವಿತ್ತು. ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತ ಮಕ್ಕಳು ಅನೇಕ ಪ್ರವಚನಗಳು ಮಾಡಲಾಗದ್ದನ್ನು ಸದ್ದಿಲ್ಲದೆ ಮಾಡಿದರು.

ಬೆಂಚಿನ ಮೇಲೆ ಯಾರು?

ಇಂದು ನಮ್ಮ ಮುಂದಿರುವ ಪ್ರಶ್ನೆ ಆ ಬೆಂಚಿನದೇ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಎರಡು ತೀರ್ಪುಗಳನ್ನು ನೀಡಿತು. ಒಂದು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲ ಎಂಬುದು. ಮತ್ತೊಂದು, 2009ರ ಶಿಕ್ಷಣ ಹಕ್ಕು ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂಬುದು. ಈ ಎರಡನೆಯ ತೀರ್ಪನ್ನು ಪುನಃ ಪರಿಶೀಲಿಸಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಅಭಿಪ್ರಾಯಪಟ್ಟು, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ಅಂತಿಮವಾಗಿ ಏನೇ ತೀರ್ಮಾನವಾಗಲಿ, ಎರಡು ತೀರ್ಪುಗಳು ಒಟ್ಟಿಗೆ ನಮ್ಮ ಕೈಗೆ ದೊಡ್ಡ ಸ್ವಾತಂತ್ರ್ಯವನ್ನು ಕೊಟ್ಟವು: ಯಾವ ಭಾಷೆಯಲ್ಲಿ ಕಲಿಸಬೇಕು, ಬಡವರಿಗೆ ಎಷ್ಟು ಸ್ಥಾನ ಕೊಡಬೇಕು ಎಂಬುದನ್ನು ಬಹುಮಟ್ಟಿಗೆ ನಾವೇ ತೀರ್ಮಾನಿಸಬೇಕಾಯಿತು.

ಕಾನೂನು ಕೇಳದೆ ಬಿಟ್ಟದ್ದನ್ನು ಮನಸ್ಸಾಕ್ಷಿ ಕೇಳದೆ ಬಿಡುವುದಿಲ್ಲ. 30ನೇ ವಿಧಿಯ ಹಕ್ಕು ದೊರೆತದ್ದು ಒಂದು ಚಿಕ್ಕ ಸಮುದಾಯ ತನ್ನತನವನ್ನು ಉಳಿಸಿಕೊಳ್ಳಲೆಂದು; ಬಡ ಮಗುವನ್ನು ಗೇಟಿನ ಹೊರಗೆ ನಿಲ್ಲಿಸಲೆಂದಲ್ಲ. ಬಡವರಿಗೂ ಅಂಚಿನಲ್ಲಿರುವವರಿಗೂ ಕಥೋಲಿಕ ಶಾಲೆಯಲ್ಲಿ ಮೊದಲ ಆದ್ಯತೆಯಿರಬೇಕೆಂದು 2007ರಲ್ಲಿ ಭಾರತದ ಧರ್ಮಾಧ್ಯಕ್ಷರ ಮಂಡಳಿಯ ಶಿಕ್ಷಣ ನೀತಿಯೂ ಹೇಳಿದೆ. ಆದರೆ ಶಿಕ್ಷಕರ ಸಂಬಳ, ಕಟ್ಟಡದ ದುರಸ್ತಿ, ಇಂಗ್ಲಿಷ್ ಬೇಕೆನ್ನುವ ಪೋಷಕರ ಒತ್ತಾಯ ಇವೂ ನಿಜವೇ. ಕೂಲಿ ಮಾಡುವ ತಂದೆ ತನ್ನ ಮಗಳು ಇಂಗ್ಲಿಷ್ ಕಲಿಯಲಿ ಎಂದು ಬಯಸಿದರೆ ಅದನ್ನು ವ್ಯಾಮೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಒಂದು ಕೆಲಸ. ಮಗುವಿನ ಮನೆಮಾತಿನಲ್ಲಿ ಅದರ ಯೋಚನೆಯನ್ನು ಬೆಳೆಸುವುದು ಇನ್ನೊಂದು. ಎರಡನ್ನೂ ಮಾಡಬಲ್ಲ ಶಾಲೆಯನ್ನು ಉಳಿಸಿಕೊಳ್ಳುವುದು ಆಡಳಿತದವರೊಬ್ಬರ ಹೊಣೆಯಲ್ಲ. ಬೆಳಗಿನ ಪ್ರಾರ್ಥನೆಯನ್ನು ಕನ್ನಡದಲ್ಲಿ ಓದಬಲ್ಲ ಮಕ್ಕಳಿದ್ದರೆ ಮಾತ್ರ ನಾಳಿನ ಬಲಿಪೂಜೆಗೆ ಕನ್ನಡದ ವಾಚಕರೂ ಗಾಯಕವೃಂದವೂ ಇದ್ದಾರು.

ವಾರಾನ್ನದ ಕಾಲದಲ್ಲಿ ಒಂದು ಮಗುವನ್ನು ಓದಿಸಲು ಏಳು ಮನೆಗಳು ಬೇಕಾಗಿದ್ದವು. ಪ್ರತಿ ಮನೆಯೂ ಹೊತ್ತದ್ದು ಒಂದೇ ದಿನದ ಭಾರವನ್ನು. ನಮ್ಮ ಧರ್ಮಕೇಂದ್ರದಲ್ಲಿ ಶುಲ್ಕ ಕಟ್ಟಲಾಗದೆ ಶಾಲೆ ಬಿಡುವ ಸ್ಥಿತಿಯಲ್ಲಿರುವ ಒಂದು ಮಗು, ಯಾವ ಜಾತಿ, ಯಾವ ಧರ್ಮದ್ದೇ ಆಗಿರಲಿ, ಇದ್ದೇ ಇರುತ್ತದೆ. ಅದಕ್ಕಾಗಿ ಏಳು ಕುಟುಂಬಗಳು ಸೇರಿದರೆ ಯಾರಿಗೂ ಹೊರೆಯಾಗದು. ಒಬ್ಬರು ಪುಸ್ತಕ, ಒಬ್ಬರು ಬಟ್ಟೆ, ಒಬ್ಬರು ಬಸ್ಸಿನ ಖರ್ಚು, ಒಬ್ಬರು ಸಂಜೆಯ ಒಂದು ಗಂಟೆಯ ಪಾಠ. ಹಳೆಯ ವಾರದ ಜಾತಿಯ ಎಲ್ಲೆಯನ್ನು ಕಳೆದು, ಅದರ ಕರುಣೆಯನ್ನಷ್ಟೇ ಇಟ್ಟುಕೊಂಡರೆ, ಪ್ರಭುವಿನ ದಿನದಂದು ಪೀಠದ ಮುಂದೆ ನಾವು ಮಂಡಿಯೂರುವುದಕ್ಕೂ ವಾರದ ಉಳಿದ ಆರು ದಿನಗಳಿಗೂ ಸಂಬಂಧವಿರುತ್ತದೆ.