ಚಳಿಗೆ ಕೊಬ್ಬು ಕೊಡುವ ಉತ್ತರ

1551ರಲ್ಲಿ ಸ್ವಿಸ್ ನಿಸರ್ಗವಿಜ್ಞಾನಿ ಕಾನ್ರಾಡ್ ಗೆಸ್ನರ್ ಮಾರ್ಮೊಟ್ ಎಂಬ ಪ್ರಾಣಿಯ ಬೆನ್ನಿನಲ್ಲಿ ಕೊಬ್ಬೂ ಅಲ್ಲದ, ಮಾಂಸವೂ ಅಲ್ಲದ ಅಂಗಾಂಶವೊಂದನ್ನು ಗುರುತಿಸಿದರು. ಅದರ ಕೆಲಸ ಶಾಖ ಹುಟ್ಟಿಸುವುದು ಎಂದು ಖಚಿತವಾಗಲು 1960ರ ದಶಕದವರೆಗೆ ಕಾಯಬೇಕಾಯಿತು. ಅದೇ ಕಂದು ಕೊಬ್ಬು. ಅದರ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಕಿಕ್ಕಿರಿದಿರುತ್ತವೆ. ಅಲ್ಲಿನ ಯುಸಿಪಿ1 ಎಂಬ ಪ್ರೋಟೀನು ಆಹಾರದ ಶಕ್ತಿಯನ್ನು ನೇರವಾಗಿ ಶಾಖವಾಗಿಸುತ್ತದೆ.

ಎಳೆಗೂಸುಗಳಲ್ಲಿ ಕಂದು ಕೊಬ್ಬು ಇರುವುದು ಗೊತ್ತಿತ್ತು. ದೊಡ್ಡವರಲ್ಲಿ ಅದು ಹೆಚ್ಚುಕಡಿಮೆ ಅಳಿದುಹೋಗುತ್ತದೆಂಬ ನಂಬಿಕೆ ಬೇರೂರಿತ್ತು. 2009ರಲ್ಲಿ ಪೆಟ್ ಸ್ಕ್ಯಾನ್ ಆಧರಿಸಿದ ಮೂರು ಅಧ್ಯಯನಗಳು ಒಟ್ಟಿಗೆ ಪ್ರಕಟವಾಗಿ ಆ ನಂಬಿಕೆಯನ್ನು ಕೆಡವಿದವು.

ಅಷ್ಟರಲ್ಲಿ ಕೊಬ್ಬಿನ ಬಗೆಗಿನ ತಿಳಿವಳಿಕೆಯೇ ಬದಲಾಗುತ್ತಿತ್ತು. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ, ಕೊಬ್ಬು ಬರೀ ಉಗ್ರಾಣವಲ್ಲ, ಹಾರ್ಮೋನು ಸುರಿಸುವ ಅಂಗ ಎಂಬುದು ಸ್ಪಷ್ಟವಾಯಿತು. ಲೆಪ್ಟಿನ್ ಪ್ರೋಟೀನು, ಆದರೆ ಕೊಬ್ಬಿನ ಕಣವೇ ಸಂದೇಶವಾಗಬಲ್ಲದೇ? 2008ರಲ್ಲಿ ಹಾರ್ವರ್ಡ್‌ನ ಗೋಖಾನ್ ಹೋಟಮಿಸ್ಲಿಗಿಲ್ ಅವರ ತಂಡ ಆಗಬಲ್ಲದೆಂದು ತೋರಿಸಿತು. ಇಲಿಗಳ ಕೊಬ್ಬಿನಿಂದ ಹೊರಟ ಪಾಲ್ಮಿಟೊಲಿಯೇಟ್ ಎಂಬ ಕೊಬ್ಬಿನಾಮ್ಲ ಸ್ನಾಯುಗಳಲ್ಲಿ ಇನ್ಸುಲಿನ್‌ನ ಕೆಲಸವನ್ನು ಸುಧಾರಿಸಿತು, ಯಕೃತ್ತಿನಲ್ಲಿ ಕೊಬ್ಬು ಸೇರುವುದನ್ನು ತಗ್ಗಿಸಿತು. ಇಂಥ ಕಣಗಳಿಗೆ ‘ಲಿಪೊಕೈನ್’ ಎಂಬ ಹೆಸರು ಬಂತು.

ಚಳಿಗೂ ಲಿಪೊಕೈನ್‌ಗೂ ಗಂಟು ಬಿದ್ದದ್ದು 2017ರಲ್ಲಿ. ಈ ಕ್ಷೇತ್ರದ ನಿಜವಾದ ತಿರುವು ಇದೇ. ಬಾಸ್ಟನ್ನಿನ ಜಾಸ್ಲಿನ್ ಡಯಾಬಿಟಿಸ್ ಸೆಂಟರ್‌ನ ಯು-ಹುವಾ ತ್ಸೆಂಗ್ ಮತ್ತು ಸಂಗಡಿಗರು ಸ್ವಯಂಸೇವಕರನ್ನು ಒಂದು ಗಂಟೆ 14 ಡಿಗ್ರಿ ಸೆಲ್ಸಿಯಸ್ ಚಳಿಗೆ ಒಡ್ಡಿ ಅವರ ರಕ್ತದ ಲಿಪಿಡ್‌ಗಳನ್ನು ಅಳೆದರು. 12,13-ಡೈಹೋಮ್ ಎಂಬ ಕಣ ಏರಿತ್ತು. ಇಲಿಗಳಲ್ಲಿ ಅದರ ಮುಖ್ಯ ಮೂಲ ಕಂದು ಕೊಬ್ಬೇ ಎಂಬುದೂ ಕಂಡುಬಂತು. ಆ ಕಣ ಕೊಬ್ಬಿನಾಮ್ಲ ಸಾಗಿಸುವ ಪ್ರೋಟೀನುಗಳನ್ನು ಕಂದು ಕೊಬ್ಬಿನ ಜೀವಕೋಶದ ಪೊರೆಗೆ ಕರೆತರುತ್ತದೆ. ರಕ್ತದಲ್ಲಿನ ಉರುವಲು ಒಳಗೆ ನುಗ್ಗುತ್ತದೆ. ಅಂದರೆ ಒಲೆ ತನಗೆ ಬೇಕಾದ ಸೌದೆಯನ್ನು ತಾನೇ ಕೇಳಿ ತರಿಸಿಕೊಂಡಂತೆ! ಈ ಕಣವನ್ನು ಕೊಟ್ಟಾಗ ಇಲಿಗಳ ಚಳಿ ತಾಳುವ ಶಕ್ತಿ ಹೆಚ್ಚಿತು, ಬೊಜ್ಜಿನ ಇಲಿಗಳ ರಕ್ತದಲ್ಲಿ ಟ್ರೈಗ್ಲಿಸರೈಡ್ ಇಳಿಯಿತು.

ಅದೇ ವರ್ಷ ಇನ್ನೊಂದು ದಾರಿಯೂ ಕಂಡಿತು. ಚಳಿಯಲ್ಲಿ, ಶಕ್ತಿಯನ್ನು ಕೂಡಿಡುವ ಬಿಳಿ ಕೊಬ್ಬು ಬಿಟ್ಟುಕೊಟ್ಟ ಕೊಬ್ಬಿನಾಮ್ಲಗಳನ್ನು ಯಕೃತ್ತು ಅಸೈಲ್‌ಕಾರ್ನಿಟೈನ್‌ಗಳಾಗಿ ಮಾರ್ಪಡಿಸಿ ಕಂದು ಕೊಬ್ಬಿಗೆ ಒದಗಿಸುತ್ತದೆ. ಮುಂದೆ 2019ರಲ್ಲಿ 12-ಹೆಪೆ, 2022ರಲ್ಲಿ ಉರಿಯೂತ ತಗ್ಗಿಸುವ ಮಾರೆಸಿನ್ 2 ಚಳಿಗೆ ಕಂದು ಕೊಬ್ಬು ಹೊರಬಿಡುವ ಲಿಪಿಡ್‌ಗಳ ಪಟ್ಟಿಗೆ ಸೇರಿದವು. ವ್ಯಾಯಾಮದಿಂದಲೂ 12,13-ಡೈಹೋಮ್ ಏರುತ್ತದೆ ಎಂಬುದು 2018ರಲ್ಲೇ ತಿಳಿದಿತ್ತು.

ಈ ಕಣದ ಮೂಲವಸ್ತು ಲಿನೋಲಿಯಿಕ್ ಆಮ್ಲ. ನಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಧಾರಾಳವಾಗಿದೆ. ಹಾಗೆಂದು ಎಣ್ಣೆ ಹೆಚ್ಚು ತಿಂದರೆ ಚಳಿ ತಾಳುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದು ಯಾರೂ ತಿಳಿಯಬಾರದು. ಆ ಆಮ್ಲವನ್ನು ಸಂದೇಶವಾಗಿಸುವುದು ಕಿಣ್ವಗಳು, ಅವುಗಳನ್ನು ಚುರುಕುಗೊಳಿಸುವುದು ಚಳಿ.

ಎಚ್ಚರಿಕೆಗೆ ಇನ್ನೂ ಎರಡು ಕಾರಣಗಳಿವೆ. ಪ್ರಯೋಗಾಲಯದ ಇಲಿಗಳು ಸಾಮಾನ್ಯವಾಗಿ ಇರುವುದು 22 ಡಿಗ್ರಿಯ ಆಸುಪಾಸಿನಲ್ಲಿ. ಅವುಗಳ ಮೈಗೆ ಹಿತವಾದದ್ದು ಸುಮಾರು 30 ಡಿಗ್ರಿ. ಅವು ಸದಾ ಸ್ವಲ್ಪ ಚಳಿಯಲ್ಲೇ ಇರುತ್ತವೆ, ಬಟ್ಟೆ ತೊಟ್ಟ ಮನುಷ್ಯರ ಸ್ಥಿತಿ ಹಾಗಲ್ಲ. ಎರಡನೆಯದು ಹೆಚ್ಚು ಗಂಭೀರ. ಶಿಶುಗಳ ಮಲದಲ್ಲಿ ಇದೇ 12,13-ಡೈಹೋಮ್ ಹೆಚ್ಚಿದ್ದರೆ ಮುಂದೆ ಅಲರ್ಜಿ, ಆಸ್ತಮಾದ ಅಪಾಯ ಹೆಚ್ಚು ಎಂದು 2019ರ ಅಧ್ಯಯನವೊಂದು ತೋರಿಸಿತು. ಅಲ್ಲಿ ಅದರ ಮೂಲ ಕರುಳಿನ ಬ್ಯಾಕ್ಟೀರಿಯಾ. ಒಂದೆಡೆ ಮೈ ಕಾಯುವ ಕಣವೇ ಇನ್ನೊಂದೆಡೆ ಕೇಡಿನ ಗುರುತಾಗಿರುವಾಗ, ಅದನ್ನು ಮಾತ್ರೆಯಾಗಿಸುವ ಮೊದಲು ಮನುಷ್ಯರಲ್ಲಿ ದೀರ್ಘಕಾಲದ ಪರೀಕ್ಷೆ ನಡೆಯಲೇಬೇಕು.